ತಂತಿಯ ಬೀಗದ ಕೈ ಯಾರ ಬಳಿ?

ದೊಡ್ಡ ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಹಾಕಿದವರು ಮೊದಲು ಹಳೆಯ ಪಾಸ್‌ವರ್ಡ್ ಬದಲಿಸುತ್ತಾರೆ. ಆಮೇಲೆ ಯಾರು ಏನನ್ನು ನೋಡಬಹುದು, ಯಾರು ತಿದ್ದಬಹುದು ಎಂದು ಗೊತ್ತುಮಾಡುತ್ತಾರೆ. ಮೂರನೆಯ ಕೆಲಸವನ್ನು ಬಹಳ ಮಂದಿ ಮರೆಯುತ್ತಾರೆ: ಯಾರು ಯಾವಾಗ ಒಳಹೊಕ್ಕರು ಎಂಬ ದಾಖಲೆಯನ್ನು ಬೇರೊಬ್ಬರ ಕೈಗೆ ಕೊಡುವುದು. ಈ ಪ್ರಶ್ನೆಗಳು ಕಂಪ್ಯೂಟರಿಗಿಂತ ಹಳೆಯವು. ನಮ್ಮಲ್ಲಿ ಅವು ತಂತಿಯ ಜೊತೆಗೇ ಕಲ್ಕತ್ತೆಯಲ್ಲಿ ಹುಟ್ಟಿದವು.

ಕಲ್ಕತ್ತಾ ಮೆಡಿಕಲ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ವಿಲಿಯಂ ಓಷಾನೆಸಿ 1839ರಲ್ಲಿ ತಂತಿ ಎಳೆದು, ವಿದ್ಯುತ್ತಿನಿಂದ ಸಂಕೇತ ಕಳಿಸಿ ತೋರಿಸಿದ. 1851ರ ಹೊತ್ತಿಗೆ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿನವರೆಗೆ ತಂತಿ ಮಾರ್ಗ ನಡೆಯುತ್ತಿತ್ತು. ಆ ಕೆಲಸದಲ್ಲಿ ಅವನ ಜೊತೆಗಿದ್ದವರು ಶಿವಚಂದ್ರ ನಂದಿ. ಮೊದಮೊದಲು ಅದು ಕಂಪನಿ ಸರ್ಕಾರದ ಬಳಕೆಗಷ್ಟೇ ಮೀಸಲಾಗಿತ್ತು. ಕೆಲವೇ ವರ್ಷಗಳಲ್ಲಿ ಜನರಿಗೂ ತೆರೆದರು. ಆಗ ಹೊಸ ತೊಡಕೊಂದು ಎದುರಾಯಿತು. ಕಾಗದಕ್ಕೆ ಲಕೋಟೆಯಿದೆ, ಅಂಟಿಸಿ ಕಳಿಸಬಹುದು. ತಂತಿಗೆ ಲಕೋಟೆಯಿಲ್ಲ. ಕಳಿಸುವ ಗುಮಾಸ್ತನೂ ಓದಬೇಕು, ಬರೆದುಕೊಳ್ಳುವವನೂ ಓದಬೇಕು.

1885ರ ತಂತಿ ಕಾಯ್ದೆ ಇದಕ್ಕೆ ಕೊಟ್ಟ ಉತ್ತರ ಎರಡು ಬಗೆಯದು. ಸಂದೇಶವನ್ನು ಅಕ್ರಮವಾಗಿ ಬಯಲು ಮಾಡಿದ ತಂತಿ ನೌಕರನಿಗೆ ಮೂರು ವರ್ಷದವರೆಗೆ ಸೆರೆವಾಸ. ಆದರೆ 5ನೇ ಕಲಮಿನಲ್ಲಿ, ಸಾರ್ವಜನಿಕ ತುರ್ತು ಅಥವಾ ಸುರಕ್ಷತೆಯ ಹೆಸರಿನಲ್ಲಿ ಯಾವ ಸಂದೇಶವನ್ನಾದರೂ ತಡೆಯುವ, ತರಿಸಿಕೊಳ್ಳುವ ಅಧಿಕಾರ ಸರ್ಕಾರಕ್ಕೆ. ತುರ್ತು ನಿಜವಾಗಿ ಇತ್ತೇ ಎಂಬ ಅನುಮಾನ ಬಂದರೆ? ಸರ್ಕಾರದ ಕಾರ್ಯದರ್ಶಿ ಸಹಿ ಮಾಡಿದ ಪ್ರಮಾಣಪತ್ರವೇ ಕೊನೆಯ ಮಾತು. ಅಂದರೆ ಬೀಗ ತೆಗೆಯುವವರೂ ಅವರೇ, ತೆಗೆದದ್ದು ಸರಿ ಎನ್ನುವವರೂ ಅವರೇ.

ಸ್ವಾತಂತ್ರ್ಯ ಬಂದ ಮೇಲೂ ಕಾಯ್ದೆ ಉಳಿಯಿತು. 1972ರ ತಿದ್ದುಪಡಿ ಆ ಪ್ರಮಾಣಪತ್ರವನ್ನು ಕೈಬಿಟ್ಟಿತು, ಅಧಿಕಾರವನ್ನು ಬಿಡಲಿಲ್ಲ. ಅದು ಎಷ್ಟು ದೂರ ಮುಟ್ಟಬಲ್ಲದು ಎಂಬುದು ಕನ್ನಡಿಗರಿಗೆ ತಿಳಿದದ್ದು 1988ರ ಆಗಸ್ಟಿನಲ್ಲಿ. ದೂರವಾಣಿ ಕದ್ದಾಲಿಕೆಯ ಆರೋಪದ ನಡುವೆ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟರು.

1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಪಿಯುಸಿಎಲ್ ಸಂಸ್ಥೆ ಹೂಡಿದ್ದ ಮೊಕದ್ದಮೆಯಲ್ಲಿ, ಕದ್ದಾಲಿಕೆಗೆ ಕಟ್ಟಳೆ ಹಾಕಿತು. ಆದೇಶ ಗೃಹ ಕಾರ್ಯದರ್ಶಿಯಿಂದಲೇ ಬರಬೇಕು. ಎರಡು ತಿಂಗಳಿಗೆ ಮುಗಿಯಬೇಕು. ಮುಂದುವರಿಸಿದರೂ ಆರು ತಿಂಗಳು ದಾಟಬಾರದು. ಏನನ್ನು ಆಲಿಸಿದರು, ಯಾರಿಗೆ ತೋರಿಸಿದರು ಎಂಬುದಕ್ಕೆ ದಾಖಲೆ ಇರಬೇಕು. ನೆಟ್‌ವರ್ಕ್ ಎಂಜಿನಿಯರಿಗೆ ಇದು ಪರಿಚಿತ ಪಟ್ಟಿ: ಅನುಮತಿ, ಅವಧಿ, ಲಾಗ್.

ನಾಲ್ಕನೆಯದು, ಹೊರಗಿನವರ ಪರಿಶೀಲನೆ, ಮಾತ್ರ ಸಿಗಲಿಲ್ಲ. ಕೋರ್ಟ್ ಹೇಳಿದ ಪರಿಶೀಲನಾ ಸಮಿತಿಯಲ್ಲಿ ಇರುವವರೂ ಸರ್ಕಾರದ ಕಾರ್ಯದರ್ಶಿಗಳೇ. ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. 2023ರ ದೂರಸಂಪರ್ಕ ಕಾಯ್ದೆ ಹಳೆಯ ಕಾಯ್ದೆಯ ಜಾಗಕ್ಕೆ ಬಂತು, ಆ ಅಧಿಕಾರವನ್ನು 20ನೇ ಕಲಮಿನಲ್ಲಿ ಉಳಿಸಿಕೊಂಡಿತು. ತಂತಿ ಹೋಯಿತು, ಬೀಗದ ಕೈ ಅದೇ ಮನೆಯಲ್ಲಿದೆ.