ಟೋಕನ್ನೇ ಬೀಗವಾದ ಕಥೆ

1987ರ ಆರ್‌ಎಫ್‌ಸಿ 1035ರಲ್ಲಿ ಪಾಲ್ ಮೊಕಪೆಟ್ರಿಸ್ ಪ್ರತಿ ಡಿಎನ್ಎಸ್ ಪ್ರಶ್ನೆಗೂ 16 ಬಿಟ್ಟಿನ ಒಂದು ನಂಬರು ಇಟ್ಟಿದ್ದಾರೆ. ಯುಡಿಪಿಯಲ್ಲಿ ಉತ್ತರಗಳು ಹಿಂದುಮುಂದಾಗಿ ಬರಬಹುದಲ್ಲ, ಯಾವುದು ಯಾವುದಕ್ಕೆ ಅಂತ ಗೊತ್ತಾಗಲಿ ಅಂತ. ಚಪ್ಪಲಿ ಸ್ಟ್ಯಾಂಡಿನ ಟೋಕನ್ ಥರ, ಅಷ್ಟೇ.

ಆಮೇಲೆ ಆ ಟೋಕನ್ನನ್ನೇ ಬೀಗ ಅಂದುಕೊಂಡುಬಿಟ್ಟೆವು! ಇರೋದು ಬರೀ 65,536 ನಂಬರು. ಸರಿಯಾದದ್ದನ್ನು ಊಹಿಸಿ, ನಿಜವಾದ ಉತ್ತರಕ್ಕಿಂತ ಮೊದಲೇ ಸುಳ್ಳು ಉತ್ತರ ಕಳಿಸಿದರೆ ಸರ್ವರ್ ನಂಬುತ್ತೆ. ಒಮ್ಮೆ ಗುರಿ ತಪ್ಪಿದರೆ ಕ್ಯಾಶ್ ಖಾಲಿಯಾಗೋವರೆಗೆ ಕಾಯಬೇಕು ಅನ್ನೋದೊಂದೇ ಧೈರ್ಯ. 2008ರಲ್ಲಿ ಡಾನ್ ಕಾಮಿನ್ಸ್ಕಿ ಅದನ್ನೂ ಕಿತ್ತುಹಾಕಿದರು: ಇಲ್ಲದ ಹೆಸರುಗಳನ್ನು ಒಂದಾದ ಮೇಲೊಂದು ಕೇಳುತ್ತಾ ಹೋದರೆ ಕಾಯೋದೇ ಬೇಡ.

ಜುಲೈ 8ಕ್ಕೆ ಹಲವು ಕಂಪನಿಗಳು ಒಟ್ಟಿಗೆ ಪ್ಯಾಚ್ ಬಿಟ್ಟವು. ಕೇಳುವ ಪೋರ್ಟನ್ನೂ ಯದ್ವಾತದ್ವಾ ಬದಲಾಯಿಸೋದು, ಅಷ್ಟೇ ಉಪಾಯ. ಡಿ. ಜೆ. ಬರ್ನ್‌ಸ್ಟೈನ್ ತಮ್ಮ ಡಿಜೆಬಿಡಿಎನ್ಎಸ್‌ನಲ್ಲಿ ಇದನ್ನು ವರ್ಷಗಳ ಹಿಂದೆಯೇ ಮಾಡಿಟ್ಟಿದ್ದರು ನೋಡಿ!