ಎಲೀಜಾಳ ಪುನರುತ್ಥಾನ

ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕವನ್ನು ಓದಿದವರಿಗೆ ಎಲೀಜಾ ಡೂಲಿಟಲ್ ಎಂಬ ಹೂವಾಡಗಿತ್ತಿಯ ಪರಿಚಯವಿದ್ದೇ ಇರುತ್ತದೆ. ಲಂಡನ್ನಿನ ಬೀದಿಯ ಆ ಹುಡುಗಿಗೆ ಭಾಷಾವಿಜ್ಞಾನಿಯೊಬ್ಬನು ಕುಲೀನರ ಉಚ್ಚಾರಣೆಯನ್ನು ಕಲಿಸುತ್ತಾನೆ. ಅವಳ ಮಾತಿನ ಸೊಬಗಿಗೆ ಮಾರುಹೋದ ಸಮಾಜ ಅವಳನ್ನು ದೊಡ್ಡ ಮನೆತನದವಳೆಂದೇ ನಂಬುತ್ತದೆ. ಈ ಹೆಸರನ್ನು ಒಂದು ಯಂತ್ರದ ಮಾತುಗಾರಿಕೆಗೆ ಇಟ್ಟವರು ಜೋಸೆಫ್ ವೈಜೆನ್‌ಬಾಮ್. 1923ರಲ್ಲಿ ಬರ್ಲಿನ್ನಿನ ಯೆಹೂದಿ ಮನೆಯಲ್ಲಿ ಹುಟ್ಟಿ, 1936ರಲ್ಲಿ ನಾಜಿಗಳ ಜರ್ಮನಿಯನ್ನು ಬಿಟ್ಟು ಅಮೆರಿಕೆಗೆ ಬಂದ ಕುಟುಂಬದ ಮಗ. ಮುಂದೆ ಮೆಸಾಚೂಸೆಟ್ಸ್ ತಾಂತ್ರಿಕ ಸಂಸ್ಥೆ, ಅಂದರೆ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕ. ಗಣಕಯಂತ್ರದೊಡನೆ ಮನುಷ್ಯ ತನ್ನ ಭಾಷೆಯಲ್ಲೇ ಬೆರಳಚ್ಚಿಸಿ ಸಂಭಾಷಿಸಬಹುದಾದ ‘ಎಲೀಜಾ’ ಎಂಬ ಕ್ರಮವಿಧಿಯನ್ನು ಅವರು 1966ರ ಜನವರಿಯಲ್ಲಿ ವಿದ್ವತ್ಪತ್ರಿಕೆಯೊಂದರಲ್ಲಿ ವಿವರಿಸಿದರು.

ಇಂದು ಯಂತ್ರದೊಡನೆ ಹರಟುವುದು ಮಕ್ಕಳಿಗೂ ಸಾಮಾನ್ಯವಾಗಿರುವುದರಿಂದ, ಆ ಮೊದಲ ಮಾತುಗಾತಿ ಕೆಲಸಮಾಡುತ್ತಿದ್ದ ಬಗೆಯನ್ನು ಸ್ವಲ್ಪ ವಿವರಿಸಬೇಕು. ಪರದೆಯಿಲ್ಲ, ಚಿತ್ರವಿಲ್ಲ, ವಿದ್ಯುತ್ ಬೆರಳಚ್ಚು ಯಂತ್ರದಲ್ಲಿ ನೀವು ಒಂದು ವಾಕ್ಯವನ್ನು ಹೊಡೆಯುತ್ತೀರಿ, ಕಾಗದದ ಮೇಲೆಯೇ ಉತ್ತರ ಮೂಡುತ್ತದೆ. ‘ವೈದ್ಯ’ ಎಂಬ ಹೆಸರಿನ ಪಾಠದಲ್ಲಿ ಎಲೀಜಾ ಮನೋವೈದ್ಯನ ಪಾತ್ರವನ್ನು ವಹಿಸುತ್ತಿದ್ದಳು. ನಿಮ್ಮ ವಾಕ್ಯದಲ್ಲಿ ಒಂದು ಮುಖ್ಯಪದವನ್ನು ಹುಡುಕುವುದು. ಹಲವಿದ್ದರೆ ಮೊದಲೇ ನಿಗದಿಯಾದ ತಾರತಮ್ಯದಂತೆ ಒಂದನ್ನು ಆರಿಸುವುದು. ವಾಕ್ಯವನ್ನು ಅದರ ಸುತ್ತ ತುಂಡರಿಸಿ, ‘ನನ್ನ’ ಎಂಬಲ್ಲಿ ‘ನಿಮ್ಮ’ ಎಂದಿಟ್ಟು ಮತ್ತೆ ಪೋಣಿಸುವುದು. ‘ನನ್ನ ಮನೆಯವರು ನನ್ನನ್ನು ಮರೆತಿದ್ದಾರೆ’ ಎಂದರೆ, ‘ನಿಮ್ಮನ್ನು ಮರೆತವರು ಮನೆಯಲ್ಲಿ ಇನ್ನಾರು?’ ಎಂಬ ಧಾಟಿಯ ಉತ್ತರ. ಯಾವ ಮುಖ್ಯಪದವೂ ಸಿಗದಾಗ, ನೀವು ಹಿಂದೆ ಹೇಳಿದ್ದ ಮಾತೊಂದನ್ನು ನೆನಪಿನಿಂದ ತೆಗೆದು ಕೆದಕುವಳು. ಅರ್ಥಗ್ರಹಣ ಎಂಬುದು ಇಲ್ಲಿ ಲವಲೇಶವೂ ಇಲ್ಲ. ಇಂಗ್ಲಿಷಿನಲ್ಲಿ ಇದು ಸುಲಭವೂ ಹೌದು. ಸರ್ವನಾಮವನ್ನು ಬದಲಿಸಿದರೆ ಬಹುಮಟ್ಟಿಗೆ ಸಾಕು. ‘ನಾನು ಬಂದೆ’ ಎಂಬುದನ್ನು ‘ನೀವು ಬಂದಿರಿ’ ಎಂದು ಕ್ರಿಯಾಪದದ ಕೊನೆಯನ್ನೂ ತಿದ್ದಬೇಕಾದ ನಮ್ಮ ಭಾಷೆಯಲ್ಲಿ ಎಲೀಜಾ ಹುಟ್ಟಿದ್ದರೆ ಅವಳ ಬಾಲ್ಯ ಕಷ್ಟದ್ದೇ ಆಗುತ್ತಿತ್ತು.

ವಿಚಿತ್ರವೆಂದರೆ, ಈ ಪೊಳ್ಳುತನವನ್ನು ಬಲ್ಲವರೂ ಅವಳಿಗೆ ಮನಸ್ಸು ತೆರೆದರು. ಕ್ರಮವಿಧಿ ಸಿದ್ಧವಾಗುವುದನ್ನು ತಿಂಗಳುಗಟ್ಟಲೆ ಕಂಡಿದ್ದ ವೈಜೆನ್‌ಬಾಮ್ ಅವರ ಕಾರ್ಯದರ್ಶಿಯೇ ಸಂಭಾಷಣೆಯ ನಡುವೆ, ದಯವಿಟ್ಟು ಕೋಣೆಯಿಂದ ಹೊರಗೆ ಹೋಗಿ ಎಂದು ಅವರನ್ನು ಕೇಳಿಕೊಂಡರಂತೆ. ಕೆನೆತ್ ಕೋಲ್ಬಿ ಎಂಬ ಮನೋವೈದ್ಯರು ಮತ್ತು ಅವರ ಸಂಗಡಿಗರು ಇಂಥದೇ ಕ್ರಮವಿಧಿಯೊಂದನ್ನು ರಚಿಸಿ, ಒಂದು ಗಣಕಯಂತ್ರ ಗಂಟೆಗೆ ನೂರಾರು ರೋಗಿಗಳನ್ನು ನೋಡಿಕೊಳ್ಳಬಲ್ಲದು ಎಂದು 1966ರಲ್ಲೇ ಬರೆದರು. ವೈಜೆನ್‌ಬಾಮ್ ಬೆಚ್ಚಿಬಿದ್ದರು. ಅವರು 1976ರಲ್ಲಿ ಪ್ರಕಟಿಸಿದ ಗ್ರಂಥ ಈ ಆತಂಕದಿಂದಲೇ ಹುಟ್ಟಿದ್ದು: ಲೆಕ್ಕಹಾಕುವುದು ಬೇರೆ, ವಿವೇಚಿಸುವುದು ಬೇರೆ, ಎರಡನೆಯದನ್ನು ಯಂತ್ರಕ್ಕೆ ಒಪ್ಪಿಸಬಾರದು ಎಂಬುದು ಅವರ ವಾದ. ತಾನು ಕಟ್ಟಿದ ಕೃತಿಯನ್ನು ಜನ ಮೆಚ್ಚಿಕೊಂಡ ರೀತಿಗೇ ಅಂಜಿದ ಕರ್ತೃ ಅಪರೂಪ.

ಇಷ್ಟು ಪ್ರಸಿದ್ಧಳಾದ ಎಲೀಜಾಳ ಮೂಲಪಾಠ ಮಾತ್ರ ಯಾರ ಬಳಿಯೂ ಇರಲಿಲ್ಲ. 1966ರ ಲೇಖನದಲ್ಲಿ ವಿಧಾನದ ವಿವರಣೆ ಇತ್ತು, ‘ವೈದ್ಯ’ನ ಪಾಠವಿತ್ತು; ಕ್ರಮವಿಧಿಯ ಸಾಲುಗಳಿರಲಿಲ್ಲ. ಆ ವಿವರಣೆಯನ್ನೇ ಆಧಾರವಾಗಿಟ್ಟುಕೊಂಡು ಬರ್ನಿ ಕೋಸೆಲ್ ಎಂಬವರು ‘ಲಿಸ್ಪ್’ ಎಂಬ ಗಣಕಭಾಷೆಯಲ್ಲಿ ತಮ್ಮದೇ ಎಲೀಜಾಳನ್ನು ಬರೆದರು. ಅದು ವಿಶ್ವವಿದ್ಯಾನಿಲಯಗಳನ್ನು ಬೆಸೆದ ಮೊದಲ ಗಣಕಜಾಲದಲ್ಲಿ ಹಬ್ಬಿತು. 1973ರಲ್ಲಿ ಜೆಫ್ ಶ್ರೇಗರ್ ಎಂಬ ಹದಿಮೂರರ ಬಾಲಕ ‘ಬೇಸಿಕ್’ ಭಾಷೆಯಲ್ಲಿ ಇನ್ನೊಂದನ್ನು ಬರೆದ. 1977ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾದ ಅದು ಮನೆಮನೆಯ ಸಣ್ಣ ಗಣಕಗಳನ್ನು ಹೊಕ್ಕಿತು. ಮೂಲವೇ ಲಿಸ್ಪ್‌ನಲ್ಲಿತ್ತೆಂದು ಅನೇಕರು ಬಹುಕಾಲ ನಂಬಿದ್ದರು. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳನ್ನು ಸಂಕಲನಗ್ರಂಥಗಳಲ್ಲಿ ಉಳಿದ ಬಿಡಿಪದ್ಯಗಳಿಂದಷ್ಟೇ ಬಲ್ಲ ನಮಗೆ ಈ ಸ್ಥಿತಿ ಹೊಸತೇನಲ್ಲ. ಆದರೆ ಆ ಕೃತಿಗಳು ನಷ್ಟವಾಗಿ ಶತಮಾನಗಳು ಸಂದಿವೆ; ಎಲೀಜಾಳ ಕರ್ತೃ 2008ರವರೆಗೆ ಬದುಕಿದ್ದರು!

ಅವರ ಕಾಗದಪತ್ರಗಳು ಎಂ.ಐ.ಟಿ.ಯ ದಾಖಲೆಗಾರದಲ್ಲಿ ಪೆಟ್ಟಿಗೆಗಳಲ್ಲಿ ಇದ್ದವು. 2021ರಲ್ಲಿ ಅಲ್ಲಿಯ ದಾಖಲೆಪಾಲಕರ ನೆರವಿನಿಂದ ಅವುಗಳಲ್ಲಿ ಹುಡುಕಿಸಿ, ಮೂಲದ ಅಚ್ಚುಪ್ರತಿಯನ್ನು ಹೊರತಂದವರು ಯಾರು? ಅದೇ ಹದಿಮೂರರ ಬಾಲಕ, ಈಗ ಹಿರಿಯ ವಿದ್ವಾಂಸ, ಜೆಫ್ ಶ್ರೇಗರ್. ‘ವೈದ್ಯ’ನ ಒಂದು ಹಳೆಯ ರೂಪ, ಬಹುಪಾಲು ಪೂರ್ಣವಾಗಿದ್ದ ಕ್ರಮವಿಧಿ, ಕೆಲವು ಉಪಕರಣಭಾಗಗಳು ಅಲ್ಲಿ ಸಿಕ್ಕವು. ಸಂಭಾಷಣೆಯ ನಡುವೆಯೇ ಎಲೀಜಾಳಿಗೆ ಹೊಸ ನಿಯಮವನ್ನು ಕಲಿಸುವ ಏರ್ಪಾಡು ಅದರಲ್ಲಿತ್ತು. ಹೆಸರಿಟ್ಟವರ ಅಭಿಪ್ರಾಯ ಅದೇ ಆಗಿತ್ತಷ್ಟೆ: ಷಾ ಅವರ ಎಲೀಜಾಳಂತೆ ಇವಳೂ ಕಲಿಸಿದಂತೆ ಕಲಿಯುವವಳು. ನಕಲುಗಳನ್ನಷ್ಟೇ ಕಂಡವರಿಗೆ ಈ ಗುಣ ತಿಳಿದಿರಲಿಲ್ಲ.

ಓಲೆಗರಿ ಸಿಕ್ಕರೆ, ಲಿಪಿ ಬಲ್ಲವನಿಗೆ ಕಾವ್ಯ ಸಿಕ್ಕಂತೆ. ಕ್ರಮವಿಧಿಯ ಹಾಡು ಹಾಗಲ್ಲ. ಅದನ್ನು ಓದಬೇಕಾದದ್ದು ಯಂತ್ರ, ಆ ಯಂತ್ರವೇ ಕಾಲವಾಗಿದೆ. ಎಲೀಜಾ ಬರೆಯಲ್ಪಟ್ಟದ್ದು ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ‘ಮ್ಯಾಡ್’ ಎಂಬ ಭಾಷೆಯಲ್ಲಿ. ಅದರೊಳಗೆ ವೈಜೆನ್‌ಬಾಮ್ ತಾವೇ 1963ರಲ್ಲಿ ರೂಪಿಸಿದ ‘ಸ್ಲಿಪ್’ ಎಂಬ ಉಪಭಾಷೆ. ಇವೆರಡೂ ನಡೆಯುತ್ತಿದ್ದುದು, ಒಂದೇ ಗಣಕವನ್ನು ಹಲವರು ಏಕಕಾಲದಲ್ಲಿ ಬಳಸಲು ಎಂ.ಐ.ಟಿ.ಯಲ್ಲಿ ರಚಿತವಾಗಿ 1961ರಲ್ಲಿ ಮೊದಲು ಪ್ರದರ್ಶಿತವಾದ ಸಿ.ಟಿ.ಎಸ್.ಎಸ್. ಎಂಬ ವ್ಯವಸ್ಥೆಯ ಮೇಲೆ. ಅದಕ್ಕೂ ಕೆಳಗೆ ಐ.ಬಿ.ಎಂ. 7094 ಎಂಬ ಮಹಾಯಂತ್ರ. ಇಂದಿನ ಗಣಕಗಳು 64 ಅಂಕಗಳ ಕಟ್ಟುಗಳಲ್ಲಿ ಲೆಕ್ಕಮಾಡಿದರೆ ಅದು ಮಾಡುತ್ತಿದ್ದುದು 36ರ ಕಟ್ಟುಗಳಲ್ಲಿ. ಒಂದು ಕಟ್ಟಿಗೆ ಆರೇ ಅಕ್ಷರ.

ಹೀಗಾಗಿ ಉದ್ಧಾರದ ಕೆಲಸ ತಳದಿಂದ ಮೇಲಕ್ಕೆ ನಡೆಯಬೇಕಾಯಿತು. 7094ನ ನಡವಳಿಕೆಯನ್ನು ಹೆಜ್ಜೆಹೆಜ್ಜೆಗೂ ಅನುಕರಿಸುವ ಕ್ರಮವಿಧಿಯನ್ನೂ, ಅದರ ಮೇಲೆ ನಡೆಯುವ ಸಿ.ಟಿ.ಎಸ್.ಎಸ್. ವ್ಯವಸ್ಥೆಯನ್ನೂ ಹವ್ಯಾಸಿಗಳು ಮೊದಲೇ ಮರಳಿ ಬದುಕಿಸಿದ್ದರು. ಅವರ ಪರಿಶ್ರಮಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲವೆಂದೇ ನನ್ನ ಭಾವನೆ. ರೂಪರ್ಟ್ ಲೇನ್, ಆಂಥನಿ ಹೇ, ಆರ್ಥರ್ ಶ್ವಾರ್ಟ್ಸ್, ಡೇವಿಡ್ ಬೆರಿ ಹಾಗೂ ಶ್ರೇಗರ್ ಅಚ್ಚುಪ್ರತಿಯನ್ನು ಶುದ್ಧವಾಗಿ ಪ್ರತಿಮಾಡಿ, ಸಿಗದ ಭಾಗಗಳನ್ನು ಮೂಲದ ಮನೋಧರ್ಮಕ್ಕೆ ತಕ್ಕಂತೆ ತುಂಬಿದರು. 2024ರ ಡಿಸೆಂಬರ್ 21ರಂದು, ಸುಮಾರು ಅರುವತ್ತು ವರ್ಷಗಳ ಮೌನದ ಅನಂತರ, ಎಲೀಜಾ ಮಾತನಾಡಿದಳು. 1966ರಲ್ಲಿ ಅಚ್ಚಾಗಿದ್ದ ಸಂಭಾಷಣೆಯನ್ನೇ ಅವಳ ಮುಂದಿಟ್ಟಾಗ ಬಂದ ಉತ್ತರಗಳು ಹೆಚ್ಚುಕಡಿಮೆ ಅವೇ. ವೈಜೆನ್‌ಬಾಮ್ ಅವರ ವಾರಸುದಾರರ ಅನುಮತಿಯಿಂದ ಎಲ್ಲವೂ ಈಗ ಸಾರ್ವಜನಿಕವಾಗಿದೆ; ಸಾಧಾರಣ ಮನೆಗಣಕದೊಳಗೆ ಆ ಮಹಾಯಂತ್ರದ ನೆರಳು, ನೆರಳಿನೊಳಗೆ ಎಲೀಜಾ.

ಆಗ ಒಂದು ದೋಷ ಕಣ್ಣಿಗೆ ಬಿತ್ತು. ಮಾತಿನ ನಡುವೆ ಅಂಕಿಯೊಂದನ್ನು ಬೆರಳಚ್ಚಿಸಿದರೆ ಕ್ರಮವಿಧಿ ಕುಸಿದುಬೀಳುತ್ತಿತ್ತು. ತಿದ್ದುವುದು ಕಷ್ಟವಿರಲಿಲ್ಲ. ಸಂಶೋಧಕರು ತಿದ್ದಲಿಲ್ಲ. ಗ್ರಂಥಸಂಪಾದನೆಯಲ್ಲಿ ಕೈಯಾಡಿಸಿದವರೆಲ್ಲ ಈ ಇಕ್ಕಟ್ಟನ್ನು ಬಲ್ಲರು: ಲಿಪಿಕಾರನ ಸ್ಖಾಲಿತ್ಯವನ್ನು ತಿದ್ದಬಹುದು, ಕವಿಯದೇ ಆದುದನ್ನು ಮುಟ್ಟಬಾರದು. ಇಲ್ಲಿಯ ದೋಷ ಕರ್ತೃವಿನದೇ. ಆದ್ದರಿಂದ ಇಂದಿಗೂ ಆ ವೈದ್ಯೆಯ ಮುಂದೆ ಕುಳಿತು, ನನಗೆ ಇಷ್ಟು ವರ್ಷ ವಯಸ್ಸಾಯಿತು ಎಂದು ಅಂಕಿಯಲ್ಲಿ ಬರೆದವರ ಎದುರಿಗೆ ಅವಳು ಉತ್ತರ ಕೊಡದೆ ಕುಸಿಯುತ್ತಾಳೆ.