ವೈಜನಾಥ ಪಾಟೀಲ: 371(ಜೆ) ಹೋರಾಟದ ಮುಂದಾಳು

ಕಲಬುರಗಿ ಜಿಲ್ಲೆಯ ಚಿಂಚೋಳಿ ಕ್ಷೇತ್ರದ ಶಾಸಕರಾಗಿ, ರಾಜ್ಯದ ಸಚಿವರಾಗಿ ಕೆಲಸ ಮಾಡಿದ ವೈಜನಾಥ ಪಾಟೀಲರನ್ನು ಜನ ಹೆಚ್ಚು ನೆನೆಯುವುದು, ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದಡಿ ವಿಶೇಷ ಸ್ಥಾನಮಾನ ಕೇಳಿ ನಡೆಸಿದ ದೀರ್ಘ ಹೋರಾಟಕ್ಕಾಗಿ.

ಹಳೆಯ ಹೈದರಾಬಾದ್ ರಾಜ್ಯ 1956ರಲ್ಲಿ ಮೂರು ಪಾಲಾಯಿತು. ಮುಂದೆ ಮರಾಠವಾಡಕ್ಕೆ 371(2), ತೆಲಂಗಾಣ ಸೇರಿದ್ದ ಆಂಧ್ರಪ್ರದೇಶಕ್ಕೆ 371(ಡಿ) ವಿಧಿಯ ಆಸರೆ ಸಿಕ್ಕಿತು. ಕನ್ನಡ ಜಿಲ್ಲೆಗಳಿಗೆ ಮಾತ್ರ ಅಂಥದ್ದು ಸಿಗಲಿಲ್ಲ. ಶಿಕ್ಷಣ, ನೀರಾವರಿ, ರಸ್ತೆ, ಸರ್ಕಾರಿ ನೌಕರಿಗಳಲ್ಲಿ ಈ ಭಾಗ ಹಿಂದೆ ಬಿದ್ದಿದೆ ಎಂಬ ಕೂಗಿಗೆ 2002ರ ನಂಜುಂಡಪ್ಪ ಸಮಿತಿ ವರದಿ ಬಲ ತಂದಿತು. ಅದು ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದಲ್ಲೇ ಇದ್ದವು.

2012ರ ಡಿಸೆಂಬರ್‌ನಲ್ಲಿ ಸಂಸತ್ತು 371(ಜೆ) ತಿದ್ದುಪಡಿಗೆ ಒಪ್ಪಿಗೆ ನೀಡಿತು. ಅದರಂತೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬಂತು. ಈ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು, ಇಲ್ಲಿನ ಸರ್ಕಾರಿ ಹುದ್ದೆಗಳಲ್ಲಿ ದರ್ಜೆಗೆ ತಕ್ಕಂತೆ ಶೇ 75ರಿಂದ 85ರವರೆಗೆ ಸ್ಥಳೀಯರಿಗೆ ಮೀಸಲಾದವು. ಮೀಸಲಾದ ಹುದ್ದೆಗಳು ಭರ್ತಿಯೂ ಆಗಬೇಕು ಎಂಬುದು ಈಗಿನ ಬೇಡಿಕೆ.

ಪಾಟೀಲರು 2019ರ ನವೆಂಬರ್‌ನಲ್ಲಿ ನಿಧನರಾದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದಿತ್ತು.